ಜಲಕ್ರೀಡಾ ಉದ್ಯಮಕ್ಕೆ ಬೇಕು ಅಳಿವೆಗೊಂದು ಉಬ್ಬರಪಟ್ಟಿ

ಕರ್ನಾಟಕದ ಕರಾವಳಿಯಲ್ಲಿ ಕಳೆದ ಎರಡು ದಶಕಗಳಲ್ಲಿ ತಲೆಯೆತ್ತಿದ ಹೊಸ ಉದ್ದಿಮೆಗಳಲ್ಲಿ ಜಲಕ್ರೀಡೆಯೂ ಒಂದು. ಮೂಲ್ಕಿಯ ಶಾಂಭವಿ ನದಿಯ ಅಳಿವೆಯಲ್ಲಿ ಆರಂಭಗೊಂಡ ಸರ್ಫಿಂಗ್ ತರಬೇತಿ ಇಂದು ದೇಶದ ನಾನಾ ಭಾಗಗಳ ಯುವಜನರನ್ನು ಆಕರ್ಷಿಸುತ್ತಿದೆ. 2016ರಲ್ಲಿ ಸಸಿಹಿತ್ಲು ಕಡಲತೀರವು ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆಗೆ ಆತಿಥ್ಯ ನೀಡಿತು. ಸಾಲಿಗ್ರಾಮದ ಬಳಿ ಸೀತಾ ನದಿಯ ಕಾಂಡ್ಲಾ ಕಾಡುಗಳ ನಡುವೆ ಕಯಾಕ್ ವಿಹಾರ, ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ದೋಣಿಯಾನ, ಮುರುಡೇಶ್ವರದಿಂದ ನೇತ್ರಾಣಿಗೆ ಸ್ಕೂಬಾ ಡೈವಿಂಗ್, ಕಾರವಾರದ ಕಾಳಿ ನದಿಯಲ್ಲಿ ದೋಣಿವಿಹಾರ ಮೊದಲಾದವು ಪ್ರವಾಸಿಗರ ಪಟ್ಟಿಯಲ್ಲಿ ಸ್ಥಾನ ಪಡೆದಿವೆ. 2020ರಲ್ಲಿ ಪಡುಬಿದ್ರಿ ಹಾಗೂ ಹೊನ್ನಾವರ ಸಮೀಪದ ಕಾಸರಕೋಡು ತೀರಗಳಿಗೆ ಬ್ಲೂ ಫ್ಲ್ಯಾಗ್ ಮಾನ್ಯತೆ ದೊರೆತ ಮೇಲೆ ಈ ಆಸಕ್ತಿ ಇನ್ನಷ್ಟು ಹೆಚ್ಚಿದೆ. ಇದರ ಬೆನ್ನಿಗೇ ವಸತಿಗೃಹ, ಉಪಾಹಾರಗೃಹ, ಟ್ಯಾಕ್ಸಿ, ದೋಣಿ ದುರಸ್ತಿ, ಜೀವರಕ್ಷಕ ಅಂಗಿಗಳ ಮಾರಾಟ ಮುಂತಾದ ಸಣ್ಣಪುಟ್ಟ ವ್ಯವಹಾರಗಳೂ ಬೆಳೆಯುತ್ತಿವೆ.

ಇಷ್ಟಾದರೂ ಈ ಉದ್ದಿಮೆಯ ಬಹುಭಾಗ ಇಂದಿಗೂ ಅಂಗಡಿ ಬೀದಿಯ ಗಡಿಯಾರಕ್ಕೆ ಅನುಸಾರವಾಗಿಯೇ ನಡೆಯುತ್ತಿದೆ. ಬೆಳಿಗ್ಗೆ 9ಕ್ಕೆ ತೆರೆದು ಸಂಜೆ 5ಕ್ಕೆ ಮುಚ್ಚುವುದು, ಭಾನುವಾರ ಬೆಳಿಗ್ಗೆ 10 ಗಂಟೆಯ ತಂಡಕ್ಕೆ ತಿಂಗಳ ಮುಂಚೆಯೇ ಹಣ ಪಡೆಯುವುದು ಸಾಮಾನ್ಯ ಪದ್ಧತಿ. ಆದರೆ ಅಳಿವೆಯ ನೀರು ಈ ವೇಳೆಗೆ ಬದ್ಧವಲ್ಲ. ಒಂದು ಭಾನುವಾರ ಬೆಳಿಗ್ಗೆ 10 ಗಂಟೆಗೆ ನೀರು ತುಂಬಿ ನಿಂತಿದ್ದರೆ, ಮುಂದಿನ ಭಾನುವಾರ ಅದೇ ಹೊತ್ತಿಗೆ ಬಹುತೇಕ ತಳ ಕಾಣುವಷ್ಟು ಇಳಿದಿರುತ್ತದೆ. ಅದರ ಮುಂದಿನ ಭಾನುವಾರ ಪುನಃ ತುಂಬಿರುತ್ತದೆ. ಮೊದಲ ವಾರ ಬಂದ ಗ್ರಾಹಕ ಸಂತೃಪ್ತನಾಗಿ ಮರಳುತ್ತಾನೆ. ಎರಡನೆಯ ವಾರ ಬಂದವನು ಕೆಸರಿನಲ್ಲಿ ಕಯಾಕ್ ಎಳೆದು, ಹಣ ಮರಳಿ ಕೇಳುತ್ತಾನೆ. ಉದ್ಯಮಿ ಇದನ್ನು ಅದೃಷ್ಟದ ಆಟವೆಂದು ಭಾವಿಸುತ್ತಾನೆ. ವಾಸ್ತವದಲ್ಲಿ ಇದು ವರ್ಷಕ್ಕೆ ಮುಂಚಿತವಾಗಿಯೇ ಲೆಕ್ಕ ಹಾಕಬಹುದಾದ ಸಂಗತಿ. ಕರಾವಳಿಯ ಪ್ರತಿಯೊಂದು ಅಳಿವೆಗೂ ತನ್ನದೇ ಆದ ಉಬ್ಬರಪಟ್ಟಿ ಸಿದ್ಧವಾಗಬೇಕು ಮತ್ತು ಜಲಕ್ರೀಡೆಯ ವೇಳೆ, ದರ, ಕರಾರುಗಳು ಆ ಪಟ್ಟಿಯನ್ನು ಆಧರಿಸಬೇಕು. ವಾಣಿಜ್ಯ ಸಂಸ್ಥೆಗಳು ಈ ಕಾರ್ಯವನ್ನು ಕೈಗೆತ್ತಿಕೊಳ್ಳಲು ಇದು ಸಕಾಲವಾಗಿದೆ.

ದಿನದಿನಕ್ಕೆ ಬದಲಾಗುವ ವೇಳೆ

ಉಬ್ಬರವಿಳಿತಕ್ಕೆ ಚಂದ್ರನ ಆಕರ್ಷಣೆಯೇ ಮುಖ್ಯ ಕಾರಣವೆಂಬುದು ಶಾಲಾ ಪಾಠದಿಂದಲೇ ತಿಳಿದಿರುವ ವಿಷಯ. ಚಂದ್ರನಿಗೆ ಅಭಿಮುಖವಾದ ಬದಿಯಲ್ಲಿ ಆಕರ್ಷಣೆ ಹೆಚ್ಚು, ಹಿಂಬದಿಯಲ್ಲಿ ಕಡಿಮೆ. ಈ ವ್ಯತ್ಯಾಸದಿಂದ ಭೂಮಿಯ ಎರಡೂ ಬದಿಗಳಲ್ಲಿ ಕಡಲ ನೀರು ಏರಲು ತೊಡಗುತ್ತದೆ. ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದರಿಂದ ಸಾಮಾನ್ಯವಾಗಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಬರುತ್ತವೆ. ಆದರೆ ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರನೂ ತನ್ನ ಪಥದಲ್ಲಿ ಮುಂದೆ ಸಾಗಿರುತ್ತಾನೆ. ಅವನನ್ನು ಪುನಃ ತಲುಪಲು ಭೂಮಿಗೆ ಸುಮಾರು 24 ಗಂಟೆ 50 ನಿಮಿಷ ಬೇಕು. ಆದ್ದರಿಂದ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸರಾಸರಿ 12 ಗಂಟೆ 25 ನಿಮಿಷಗಳ ಅಂತರವಿದ್ದು, ದಿನದಿಂದ ದಿನಕ್ಕೆ ಉಬ್ಬರದ ವೇಳೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಏಳು ದಿನಗಳಲ್ಲಿ ಇದು ಹೆಚ್ಚುಕಡಿಮೆ ಆರು ಗಂಟೆಯಾಗುತ್ತದೆ. ತುಂಬಿದ ನೀರಿನ ಹೊತ್ತಿಗೆ ಇಳಿದ ನೀರು ಬರುವ ಭಾನುವಾರದ ಲೆಕ್ಕದ ಗುಟ್ಟು ಇಷ್ಟೇ.

ಪಂಚಾಂಗ ಬಲ್ಲವರಿಗೆ ಈ ಲೆಕ್ಕ ಇನ್ನೂ ಸುಲಭ. ಒಂದು ಘಳಿಗೆಯೆಂದರೆ 24 ನಿಮಿಷ. ತಿಥಿಯೊಂದಕ್ಕೆ ಎರಡು ಘಳಿಗೆಯಂತೆ ಉಬ್ಬರ ತಡವಾಗುತ್ತದೆ ಎಂದು ಹಿಡಿದರೆ, ಹದಿನೈದು ತಿಥಿಗಳಿಗೆ ಮೂವತ್ತು ಘಳಿಗೆ, ಅಂದರೆ ಸರಿಯಾಗಿ 12 ಗಂಟೆ. ಹೀಗಾಗಿ ಒಂದು ತೀರದಲ್ಲಿ ಅಮಾವಾಸ್ಯೆಯಂದು ಯಾವ ಹೊತ್ತಿಗೆ ನೀರು ತುಂಬುವುದೋ, ಹುಣ್ಣಿಮೆಯಂದೂ ಬಹುಮಟ್ಟಿಗೆ ಅದೇ ಹೊತ್ತಿಗೆ ತುಂಬುತ್ತದೆ. ಮೀನುಗಾರರು ತಿಥಿ ನೋಡಿ ನೀರಿನ ಲೆಕ್ಕ ಹಾಕುವ ಹಳೆಯ ರೂಢಿಗೆ ಇಂತಹ ಭದ್ರವಾದ ಆಧಾರವಿದೆ. ಆದರೆ ಇದು ಸರಾಸರಿಯ ಲೆಕ್ಕ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ದಿನದ ವಿಳಂಬ 50 ನಿಮಿಷಕ್ಕಿಂತ ಕಡಿಮೆಯಿರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಹೆಚ್ಚಿರುತ್ತದೆ.

ವೇಳೆಯಂತೆ ನೀರಿನ ಏರಿಳಿತದ ಪ್ರಮಾಣವೂ ಬದಲಾಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ ಹಾಗೂ ಚಂದ್ರರ ಆಕರ್ಷಣೆ ಒಂದೇ ರೇಖೆಯಲ್ಲಿ ಕೂಡುವುದರಿಂದ ಉಬ್ಬರ ಹೆಚ್ಚು ಮೇಲಕ್ಕೂ ಇಳಿತ ಹೆಚ್ಚು ಕೆಳಕ್ಕೂ ಹೋಗುತ್ತವೆ. ಅಷ್ಟಮಿಯ ದಿನಗಳಲ್ಲಿ ಅವು ಪರಸ್ಪರ ಅಡ್ಡವಾಗಿರುವುದರಿಂದ ಏರಿಳಿತ ಮಂದವಾಗಿರುತ್ತದೆ. ಇದಲ್ಲದೆ ಚಂದ್ರನು ಸಮಭಾಜಕ ವೃತ್ತದ ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುವ ದಿನಗಳಲ್ಲಿ ಒಂದೇ ದಿನದ ಎರಡು ಉಬ್ಬರಗಳು ಸಮಾನವಾಗಿರುವುದಿಲ್ಲ. ಕರ್ನಾಟಕದ ಕರಾವಳಿಯಲ್ಲಿ ಈ ಅಸಮಾನತೆ ಸ್ಪಷ್ಟವಾಗಿ ಕಾಣುತ್ತದೆ. ಬೆಳಗಿನ ಉಬ್ಬರದಲ್ಲಿ ಸಲೀಸಾಗಿ ದಾಟಿದ ಮರಳದಿಣ್ಣೆಯನ್ನು ಸಂಜೆಯ ಉಬ್ಬರದಲ್ಲಿ ದೋಣಿ ಮುಟ್ಟುವುದುಂಟು.

ಊರಿಂದ ಊರಿಗೆ ಬದಲಾಗುವ ವೇಳೆ

ಚಂದ್ರ ಒಬ್ಬನೇ ಆದರೂ ಎಲ್ಲ ತೀರಗಳಲ್ಲೂ ಏಕಕಾಲಕ್ಕೆ ನೀರು ತುಂಬುವುದಿಲ್ಲ. ಉಬ್ಬರವೆಂಬುದು ಸಾಗರದಲ್ಲಿ ಸಾಗುವ ಅತ್ಯಂತ ಉದ್ದನೆಯ ಅಲೆ. ಖಂಡಗಳ ಅಂಚು, ಕಡಲತಳದ ಆಳ, ಕೊಲ್ಲಿಗಳ ಆಕಾರ ಇವೆಲ್ಲ ಅದರ ಗತಿಯನ್ನೂ ಎತ್ತರವನ್ನೂ ಬದಲಿಸುತ್ತವೆ. ಮಂಗಳೂರಿನಲ್ಲಿ ದೊಡ್ಡ ಉಬ್ಬರದ ದಿನಗಳಲ್ಲಿಯೂ ನೀರಿನ ಏರಿಳಿತ ಒಂದರಿಂದ ಒಂದೂವರೆ ಮೀಟರಿನ ಆಸುಪಾಸಿನಲ್ಲಿರುತ್ತದೆ. ಉತ್ತರಕ್ಕೆ ಹೋದಂತೆ ಅದು ಹೆಚ್ಚುತ್ತದೆ. ಕಾರವಾರದಲ್ಲಿ ಮಂಗಳೂರಿಗಿಂತ ಹೆಚ್ಚು, ಮುಂಬಯಿಯಲ್ಲಿ ನಾಲ್ಕು ಮೀಟರಿಗೂ ಮಿಗಿಲು. ಗುಜರಾತಿನ ಖಂಭಾತ್ ಕೊಲ್ಲಿ ಆಲಿಕೆಯಂತೆ ಕಿರಿದಾಗುವುದರಿಂದ ಭಾವನಗರದ ಬಳಿ ಹತ್ತು ಮೀಟರನ್ನು ಸಮೀಪಿಸುವ ಏರಿಳಿತ ಕಂಡುಬರುತ್ತದೆ. ಇವೆಲ್ಲ ಒಂದೇ ಅರಬ್ಬೀ ಸಮುದ್ರದ ತೀರಗಳೆಂಬುದು ಗಮನಾರ್ಹ.

ಸ್ಥಳದ ಪ್ರಭಾವ ಎಷ್ಟೆಂಬುದಕ್ಕೆ ತಾಹಿತಿ ದ್ವೀಪ ಉತ್ತಮ ನಿದರ್ಶನ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಸರ್ಫಿಂಗ್ ಸ್ಪರ್ಧೆಗಳು ನಡೆದುದು ಪೆಸಿಫಿಕ್ ಸಾಗರದ ಆ ದ್ವೀಪದಲ್ಲಿ. ಚಂದ್ರನಿಂದಾಗುವ ಉಬ್ಬರ ಆ ಭಾಗದಲ್ಲಿ ಬಹಳ ಕ್ಷೀಣ. ಸೂರ್ಯನ ಉಬ್ಬರವೇ ಅಲ್ಲಿ ಮುಖ್ಯ. ಹೀಗಾಗಿ ಅಲ್ಲಿ ನೀರು ಪ್ರತಿದಿನವೂ ಹೆಚ್ಚುಕಡಿಮೆ ಮಧ್ಯಾಹ್ನ ಹಾಗೂ ಮಧ್ಯರಾತ್ರಿಯ ಸುಮಾರಿಗೆ ತುಂಬುತ್ತದೆ. ಅಲ್ಲಿನ ಉದ್ಯಮಿ ಗಡಿಯಾರ ನೋಡಿ ವ್ಯವಹಾರ ಮಾಡಿದರೆ ತಪ್ಪಿಲ್ಲ. ಮೂಲ್ಕಿಯ ಉದ್ಯಮಿಗೆ ಆ ಅನುಕೂಲವಿಲ್ಲ.

ನದಿಮುಖದಿಂದ ಒಳಕ್ಕೆ ಬಂದಾಗ ವ್ಯತ್ಯಾಸ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಉಬ್ಬರದ ಅಲೆಯ ವೇಗ ನೀರಿನ ಆಳವನ್ನು ಅವಲಂಬಿಸಿದೆ. ಎರಡು ಮೀಟರ್ ಆಳದ ನೀರಿನಲ್ಲಿ ಅದು ಗಂಟೆಗೆ ಸುಮಾರು 16 ಕಿಲೋಮೀಟರ್ ವೇಗದಲ್ಲಿ ಸಾಗಬಲ್ಲದು. ಅಂದರೆ ಅಳಿವೆಯಿಂದ ಹತ್ತು ಕಿಲೋಮೀಟರ್ ಒಳಗಿರುವ ದೋಣಿಕಟ್ಟೆಗೆ ಉಬ್ಬರ ತಲುಪಲು ಕನಿಷ್ಠ 38 ನಿಮಿಷ ಬೇಕು. ತಳದ ಘರ್ಷಣೆ, ಅಂಕುಡೊಂಕಾದ ಪಾತ್ರ, ಕಿರಿದಾದ ಅಳಿವೆಬಾಗಿಲು ಇವುಗಳಿಂದ ವಾಸ್ತವದ ವಿಳಂಬ ಇದಕ್ಕಿಂತಲೂ ಹೆಚ್ಚಾಗುತ್ತದೆ. ಅಳಿವೆಯಲ್ಲಿ ಇಳಿತ ಆರಂಭವಾದ ಹೊತ್ತಿಗೆ ಒಳಗಿನ ಹಿನ್ನೀರಿನಲ್ಲಿ ನೀರು ಇನ್ನೂ ಏರುತ್ತಿರಬಹುದು. ಮಳೆಗಾಲದ ನೆರೆಯ ನಂತರ ಅಳಿವೆಯ ಮರಳದಿಣ್ಣೆ ಸ್ಥಳಾಂತರಗೊಂಡರೆ ಹಿಂದಿನ ವರ್ಷದ ಅನುಭವವೂ ಪೂರ್ಣವಾಗಿ ಉಪಯೋಗಕ್ಕೆ ಬಾರದು. ಕುಂದಾಪುರದ ಪಂಚಗಂಗಾವಳಿ, ಹೊನ್ನಾವರದ ಶರಾವತಿ, ಕಾರವಾರದ ಕಾಳಿ, ಮೂಲ್ಕಿಯ ಶಾಂಭವಿ ಇವುಗಳ ಪಾತ್ರ, ಆಳ, ಬಾಗಿಲುಗಳು ಬೇರೆಬೇರೆ. ಆದುದರಿಂದ ಇವುಗಳ ನೀರಿನ ವೇಳೆಯೂ ಬೇರೆಬೇರೆ.

ಯಾವ ಕ್ರೀಡೆಗೆ ಯಾವ ನೀರು

ಏರಿಳಿತ ಕೇವಲ ಒಂದು ಮೀಟರ್ ಎಂದಮೇಲೆ ಇಷ್ಟು ಚಿಂತೆ ಏಕೆಂದು ಕೇಳುವವರಿದ್ದಾರೆ. ಇಳಿಜಾರು ಅತಿ ಕಡಿಮೆಯಿರುವ ಮರಳತೀರದಲ್ಲಿ ಒಂದು ಮೀಟರ್ ಸಣ್ಣ ಪ್ರಮಾಣವಲ್ಲ. ಐವತ್ತು ಮೀಟರಿಗೆ ಒಂದು ಮೀಟರಿನಂತೆ ತಗ್ಗುವ ತೀರದಲ್ಲಿ ನೀರಿನ ಅಂಚು ಐವತ್ತು ಮೀಟರ್ ಹಿಂದೆಮುಂದೆ ಸರಿಯುತ್ತದೆ. ಸರ್ಫಿಂಗಿಗೆ ಇದು ನಿರ್ಣಾಯಕ. ಅಲೆಯು ತನ್ನ ಎತ್ತರಕ್ಕಿಂತ ತುಸು ಹೆಚ್ಚು ಆಳವಿರುವ ಜಾಗಕ್ಕೆ ಬಂದಾಗ ಮುರಿಯುತ್ತದೆ. ಒಂದು ಮೀಟರಿನ ಅಲೆ ಸುಮಾರು 1.3 ಮೀಟರ್ ಆಳದಲ್ಲಿ ಮುರಿಯುವುದೆಂದು ಸ್ಥೂಲವಾಗಿ ಹೇಳಬಹುದು. ಇಳಿತದ ವೇಳೆಯಲ್ಲಿ ದೂರದ ದಿಣ್ಣೆಯ ಮೇಲೆ ಮುರಿಯುವ ಅಲೆ, ಉಬ್ಬರದ ವೇಳೆಯಲ್ಲಿ ಆ ದಿಣ್ಣೆಯನ್ನು ದಾಟಿ ದಡದ ಹತ್ತಿರ ಒಮ್ಮೆಲೇ ಕುಸಿಯಬಹುದು. ಅನುಭವಿಗೆ ಒಪ್ಪುವ ಹೊತ್ತು ಹೊಸಬನಿಗೆ ಒಪ್ಪಲಾರದು. ತರಬೇತಿಯ ತಂಡಗಳನ್ನು ವಿಂಗಡಿಸುವಾಗ ಈ ಅಂಶವೇ ಮೊದಲು ಪರಿಗಣನೆಗೆ ಬರಬೇಕು.

ಕಾಂಡ್ಲಾ ಕಾಡಿನ ಕಾಲುವೆಗಳಲ್ಲಿ ಕಯಾಕ್ ವಿಹಾರಕ್ಕೆ ತುಂಬಿದ ನೀರೇ ಬೇಕು. ಏರುವ ನೀರಿನೊಂದಿಗೆ ಒಳಕ್ಕೆ ಹೋಗಿ, ನೀರು ನಿಂತ ವೇಳೆಯಲ್ಲಿ ವಿರಮಿಸಿ, ಇಳಿಯುವ ನೀರಿನೊಂದಿಗೆ ಮರಳಿದರೆ ಪ್ರವಾಸಿಗೆ ದಣಿವಿಲ್ಲ. ಇದು ತಲೆಕೆಳಗಾದರೆ ಎರಡೂ ದಿಕ್ಕಿನಲ್ಲಿ ಪ್ರವಾಹದ ವಿರುದ್ಧ ಹುಟ್ಟುಹಾಕಬೇಕಾಗುತ್ತದೆ. ಸಣ್ಣ ದೋಣಿಗಳಿಗೂ ದೋಣಿಕಟ್ಟೆಗಳಿಗೂ ನೀರಿನ ಮಟ್ಟವೇ ಪ್ರಧಾನ. ಮೆಟ್ಟಿಲಿಗೂ ದೋಣಿಯ ಅಂಚಿಗೂ ಒಂದು ಮೀಟರ್ ಅಂತರ ಬಿದ್ದರೆ ವೃದ್ಧರು, ಮಕ್ಕಳು ಇಳಿಯುವುದು ಅಪಾಯಕರ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದ ನೇತ್ರಾಣಿಯಂತಹ ದ್ವೀಪದ ಬಳಿ ಮುಳುಗುವವರಿಗೆ ಪ್ರವಾಹ ಮಂದವಾಗಿರುವ ಹೊತ್ತು ಹಿತಕರ.

ನೀರು ಒಂದೇ ವೇಗದಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ನಾವಿಕರು ಬಳಸುವ ಹನ್ನೆರಡಂಶದ ಸೂತ್ರವೊಂದಿದೆ. ಆರು ಗಂಟೆಗಳ ಏರಿಕೆಯನ್ನು ಹನ್ನೆರಡು ಭಾಗ ಮಾಡಿದರೆ ಗಂಟೆಗಳಿಗೆ ಅನುಕ್ರಮವಾಗಿ 1, 2, 3, 3, 2, 1 ಭಾಗದಂತೆ ನೀರು ಬರುತ್ತದೆ. 1.2 ಮೀಟರ್ ಏರಿಕೆಯಿದ್ದರೆ ಮೊದಲ ಗಂಟೆಯಲ್ಲಿ 10, ಎರಡನೆಯದರಲ್ಲಿ 20, ಮೂರನೆಯ ಹಾಗೂ ನಾಲ್ಕನೆಯದರಲ್ಲಿ ತಲಾ 30 ಸೆಂಟಿಮೀಟರ್. ನಡುವಿನ ಎರಡು ಗಂಟೆಗಳಲ್ಲೇ ಅರ್ಧದಷ್ಟು ನೀರು ಚಲಿಸುತ್ತದೆ. ಎರಡು ಉಬ್ಬರಗಳು ಅಸಮಾನವಾಗಿರುವ ಈ ಕರಾವಳಿಯಲ್ಲಿ ಸೂತ್ರ ಸ್ಥೂಲವಾಗಿ ಮಾತ್ರ ಅನ್ವಯಿಸುತ್ತದೆ. ಆದರೂ ಅದರ ತಿರುಳು ಸ್ಪಷ್ಟ: ಅಳಿವೆಯಲ್ಲಿ ಸೆಳೆತ ಬಲವಾಗಿರುವುದು ಇಳಿತದ ನಡುಗಾಲದಲ್ಲಿ. ಆ ಹೊತ್ತಿನಲ್ಲಿ ಹೊರಕ್ಕೆ ನುಗ್ಗುವ ನೀರಿಗೆ ಕಡಲ ಅಲೆ ಎದುರಾದರೆ ಅಲೆಗಳು ಕಡಿದಾಗಿ ಎದ್ದುನಿಲ್ಲುತ್ತವೆ. ಅಳಿವೆಬಾಗಿಲಲ್ಲಿ ದೋಣಿ ಮಗುಚುವ ಭಯ ಹೆಚ್ಚಿರುವುದು ಆಗಲೇ. ಈಜುವವನನ್ನು ಕಡಲಿಗೆ ಒಯ್ಯುವುದೂ ಅದೇ ಸೆಳೆತ.

ಲೆಕ್ಕಪುಸ್ತಕದಲ್ಲಿ ಉಬ್ಬರ

ವ್ಯಾಪಾರದ ದೃಷ್ಟಿಯಿಂದ ಇದರ ಪರಿಣಾಮವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ನೋಡಬಹುದು. ಒಂದು ಘಟಕದಲ್ಲಿ ಹತ್ತು ಕಯಾಕ್‌ಗಳಿವೆ, ಬಾಡಿಗೆ ಗಂಟೆಗೆ ತಲಾ 300 ರೂಪಾಯಿ. ಆ ಕಾಲುವೆಯಲ್ಲಿ ಉಬ್ಬರದ ಹಿಂದೆ ಎರಡೂವರೆ ಗಂಟೆ, ಮುಂದೆ ಎರಡೂವರೆ ಗಂಟೆ ಮಾತ್ರ ಕಯಾಕ್ ಓಡಿಸಲು ಸಾಧ್ಯವೆಂದು ಭಾವಿಸೋಣ. ಮಧ್ಯಾಹ್ನ 12ಕ್ಕೆ ಉಬ್ಬರವಿರುವ ದಿನ 9.30ರಿಂದ 2.30ರವರೆಗೆ ಐದು ಗಂಟೆ ದೊರೆಯುತ್ತದೆ. ಎಲ್ಲ ಕಯಾಕ್‌ಗಳೂ ಹೊರಟರೆ ಆದಾಯ 15,000 ರೂಪಾಯಿ. ಒಂದು ವಾರದ ಬಳಿಕ ಬೆಳಿಗ್ಗೆ 6ಕ್ಕೂ ಸಂಜೆ 6.25ಕ್ಕೂ ಉಬ್ಬರವಿರುವ ದಿನ, 9ರಿಂದ 5ರವರೆಗೆ ಮಾತ್ರ ತೆರೆದಿರುವ ಘಟಕಕ್ಕೆ ಸಿಗುವುದು 3.55ರಿಂದ 5ರವರೆಗಿನ ಒಂದು ಗಂಟೆ ಐದು ನಿಮಿಷ. ಆದಾಯ 3,250 ರೂಪಾಯಿ. ಅದೇ ಘಟಕ ಬೆಳಿಗ್ಗೆ 6ರಿಂದ 8.30 ಹಾಗೂ ಮಧ್ಯಾಹ್ನ 3.55ರಿಂದ 6ರವರೆಗೆ ಕೆಲಸ ಮಾಡಿದ್ದರೆ ನಾಲ್ಕು ಗಂಟೆ 35 ನಿಮಿಷ, ಅಂದರೆ 13,750 ರೂಪಾಯಿ ಪಡೆಯುವ ಅವಕಾಶವಿತ್ತು. ಒಂದೇ ದಿನದಲ್ಲಿ 10,500 ರೂಪಾಯಿಯ ಅವಕಾಶ ಕೈತಪ್ಪಿದೆ. ನೀರಿನ ಕೊರತೆ ಇಲ್ಲಿ ಕಾರಣವಲ್ಲ. ವೇಳಾಪಟ್ಟಿಯ ದೋಷವೇ ಕಾರಣ.

ಮಳೆಗಾಲದ ತಿಂಗಳುಗಳಲ್ಲಿ ಬಹುಪಾಲು ಜಲಕ್ರೀಡೆಗಳು ಸ್ಥಗಿತಗೊಳ್ಳುವುದರಿಂದ ಇಡೀ ವರ್ಷದ ಬಾಡಿಗೆ, ಸಾಲದ ಬಡ್ಡಿ, ಸವಕಳಿ, ವಿಮೆಯ ಕಂತುಗಳನ್ನು ಸುಮಾರು ಎಂಟು ತಿಂಗಳ ದುಡಿಮೆಯಿಂದಲೇ ಭರಿಸಬೇಕು. ಇಂತಹ ವ್ಯವಹಾರದಲ್ಲಿ ಪ್ರತಿಯೊಂದು ಬಳಕೆಯೋಗ್ಯ ಗಂಟೆಗೂ ಬೆಲೆಯಿದೆ. ಮುಂಗಡ ಹಣ ಮರಳಿಸುವ ಪ್ರಸಂಗಗಳೂ ಖರ್ಚಿನ ಬಾಬತ್ತೇ. ಜಿಎಸ್‌ಟಿ ಅಡಿಯಲ್ಲಿ ನೋಂದಾಯಿತನಾದ ಉದ್ಯಮಿ ಸೇವೆಯ ಮುಂಗಡ ಪಡೆದಾಗಲೇ ತೆರಿಗೆಯ ಹೊಣೆ ಹೊರುತ್ತಾನೆ; ಸೇವೆ ನೀಡದೆ ಹಣ ಮರಳಿಸಿದರೆ ಮರುಪಾವತಿ ವೋಚರ್ ನೀಡಿ ಲೆಕ್ಕ ಸರಿಪಡಿಸಬೇಕು. ನೀರಿನ ವೇಳೆ ನೋಡದೆ ಸ್ವೀಕರಿಸಿದ ಪ್ರತಿಯೊಂದು ಮುಂಗಡವೂ ಹೀಗೆ ಅನಗತ್ಯ ಕಾಗದಪತ್ರಗಳಿಗೆ ಕಾರಣವಾಗುತ್ತದೆ.

ಆದ್ದರಿಂದ ಈ ಉದ್ಯಮದಲ್ಲಿ ತಂಡಗಳ ವೇಳೆಯನ್ನು ಉಬ್ಬರಪಟ್ಟಿ ನೋಡಿ ನಿಗದಿಪಡಿಸುವುದು, ಉತ್ತಮ ನೀರಿನ ಹೊತ್ತಿಗೆ ಹೆಚ್ಚಿನ ದರ ಮತ್ತು ಅಂಚಿನ ಹೊತ್ತಿಗೆ ರಿಯಾಯಿತಿ ದರ ಇಡುವುದು, ಸಿಬ್ಬಂದಿಗೆ ಎರಡು ಪಾಳಿಯ ವ್ಯವಸ್ಥೆ ಮಾಡುವುದು ಲಾಭದಾಯಕ. ತೀರವನ್ನು ಗುತ್ತಿಗೆಗೆ ನೀಡುವ ಪ್ರಾಧಿಕಾರಗಳೂ ಕರಾರಿನಲ್ಲಿ ಗಡಿಯಾರದ ವೇಳೆಯ ಬದಲು, ಹಗಲಿನ ಮಿತಿಯೊಳಗೆ, ನೀರಿಗೆ ಹೊಂದುವ ವೇಳೆಯನ್ನು ನಮೂದಿಸಲು ಅವಕಾಶ ನೀಡಬೇಕು. ತೀರದ ವಸತಿಗೃಹಗಳು ಬೆಳಗಿನ ಉಪಾಹಾರದ ಹೊತ್ತನ್ನು ಇದಕ್ಕೆ ಹೊಂದಿಸಿಕೊಂಡರೆ ಅತಿಥಿಗಳಿಗೆ ಅನುಕೂಲ.

ಇರುವ ಮಾಹಿತಿ, ಇಲ್ಲದ ಮಾಹಿತಿ

ಉಬ್ಬರದ ಮುನ್ಸೂಚನೆ ಭಾರತಕ್ಕೆ ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲೇ ಸರ್ವೇ ಆಫ್ ಇಂಡಿಯಾ ಸಂಸ್ಥೆ ಬಂದರುಗಳಲ್ಲಿ ನೀರಿನ ಮಟ್ಟವನ್ನು ಕ್ರಮಬದ್ಧವಾಗಿ ಅಳೆಯಲು ಆರಂಭಿಸಿತ್ತು. ಭಾರತದ ಬಂದರುಗಳಿಗಾಗಿಯೇ ಎಡ್ವರ್ಡ್ ರಾಬರ್ಟ್ಸ್ ವಿನ್ಯಾಸಗೊಳಿಸಿದ ಉಬ್ಬರ ಗಣನೆಯ ಯಂತ್ರ 1879ರಲ್ಲಿ ಲಂಡನ್ನಿನಲ್ಲಿ ಸಿದ್ಧವಾಯಿತು. ಇಂದಿಗೂ ಸರ್ವೇ ಆಫ್ ಇಂಡಿಯಾ ಪ್ರತಿವರ್ಷ ಉಬ್ಬರಪಟ್ಟಿಗಳನ್ನು ಪ್ರಕಟಿಸುತ್ತದೆ. ಹೈದರಾಬಾದಿನ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ, ಅಂದರೆ ಇನ್‌ಕಾಯಿಸ್, ಅಲೆ ಹಾಗೂ ಪ್ರವಾಹಗಳ ಮುನ್ಸೂಚನೆ ನೀಡುತ್ತದೆ. ಮೊಬೈಲಿನಲ್ಲಿಯೂ ಉಬ್ಬರದ ವೇಳೆ ಸಿಗುತ್ತದೆ. ಹಾಗಿರುವಾಗ ಪ್ರತ್ಯೇಕ ಪಟ್ಟಿ ಏಕೆಂಬ ಪ್ರಶ್ನೆ ಸಹಜ.

ಈ ಪಟ್ಟಿಗಳು ಮುಖ್ಯವಾಗಿ ಬಂದರುಗಳಿಗಾಗಿ, ಹಡಗುಗಳ ಅಗತ್ಯಕ್ಕಾಗಿ ಸಿದ್ಧವಾದವು. ನವಮಂಗಳೂರು ಬಂದರಿನ ಅಥವಾ ಕಾರವಾರದ ವೇಳೆ ಒಳನಾಡಿನ ಹಿನ್ನೀರಿನ ದೋಣಿಕಟ್ಟೆಗೆ ಹಾಗೆಯೇ ಅನ್ವಯಿಸದು. ಮೊಬೈಲಿನಲ್ಲಿ ಊರಿನ ಹೆಸರು ನಮೂದಾಗಿದ್ದರೂ ಅದರ ಹಿಂದಿನ ಲೆಕ್ಕ ಸಾಮಾನ್ಯವಾಗಿ ಹತ್ತಿರದ ಬಂದರಿನದು ಅಥವಾ ತೆರೆದ ಕಡಲಿನದು. ಬಂದರಿನ ವೇಳೆಗೆ ಈ ದೋಣಿಕಟ್ಟೆಯಲ್ಲಿ ಎಷ್ಟು ನಿಮಿಷ ಕೂಡಿಸಬೇಕೆಂಬ ಒಂದೇ ಒಂದು ಅಂಕಿ ಸ್ಥಳೀಯ ಉದ್ಯಮಿಗೆ ಬೇಕಾಗಿದೆ. ಆ ಅಂಕಿಯನ್ನು ಸ್ಥಳದಲ್ಲೇ ಅಳೆದು ಪಡೆಯಬೇಕು.

ಪಟ್ಟಿಯಲ್ಲಿ ನಮೂದಾಗುವ ಎತ್ತರದ ವಿಷಯದಲ್ಲಿಯೂ ತಪ್ಪು ಗ್ರಹಿಕೆಯಿದೆ. ಉಬ್ಬರ 1.2 ಮೀಟರ್ ಎಂದರೆ ನೀರಿನ ಆಳ 1.2 ಮೀಟರ್ ಎಂದರ್ಥವಲ್ಲ. ಬಂದರಿನ ನಕ್ಷೆಗೆ ನಿಗದಿಯಾದ ತಳರೇಖೆಯಿಂದ ನೀರು ಅಷ್ಟು ಮೇಲಿದೆ ಎಂದಷ್ಟೇ ಅರ್ಥ. ಕಾಲುವೆಯ ತಳ ಆ ರೇಖೆಗಿಂತ ಮೇಲಿದ್ದರೆ ಆಳ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಒಂದು ಅಳತೆಗೋಲು, ಒಂದು ತಿಂಗಳು

ಈ ಕಾರ್ಯಕ್ಕೆ ಕೋಟಿಗಟ್ಟಲೆ ಹಣ ಬೇಕಿಲ್ಲ. ದೋಣಿಕಟ್ಟೆಯಲ್ಲಿ ಸೆಂಟಿಮೀಟರ್ ಗುರುತುಗಳಿರುವ ಗಟ್ಟಿಯಾದ ಅಳತೆಗೋಲನ್ನು ಅಲುಗಾಡದಂತೆ ನೆಡಬೇಕು. ಒಂದು ಹುಣ್ಣಿಮೆಯಿಂದ ಮುಂದಿನ ಹುಣ್ಣಿಮೆಯವರೆಗೆ, ಅಂದರೆ ಸುಮಾರು 30 ದಿನ, ಉಬ್ಬರ ಹಾಗೂ ಇಳಿತಗಳ ನಿರೀಕ್ಷಿತ ವೇಳೆಯ ಆಸುಪಾಸಿನಲ್ಲಿ 15 ನಿಮಿಷಕ್ಕೊಮ್ಮೆ ಮಟ್ಟವನ್ನು ಬರೆದಿಡಬೇಕು. ಬಳಿಕ ಬಂದರಿನ ಪ್ರಕಟಿತ ವೇಳೆಯೊಂದಿಗೆ ಹೋಲಿಸಿ ಉಬ್ಬರಕ್ಕೂ ಇಳಿತಕ್ಕೂ ಪ್ರತ್ಯೇಕವಾಗಿ ಸರಾಸರಿ ವ್ಯತ್ಯಾಸ ಕಂಡುಹಿಡಿಯಬೇಕು. ಮಳೆಗಾಲದ ನಂತರ ಅಳಿವೆ ಬದಲಾಗುವುದರಿಂದ ವರ್ಷಕ್ಕೊಮ್ಮೆ ಇದನ್ನು ಪರಿಶೀಲಿಸಬೇಕು. ಬ್ಯಾಂಕಿನ ಪಾಸ್‌ಬುಕ್ಕನ್ನು ಸ್ವಂತ ಲೆಕ್ಕಪುಸ್ತಕದೊಂದಿಗೆ ತಾಳೆ ನೋಡಿದಷ್ಟೇ ಸರಳವಾದ ಕೆಲಸವಿದು.

ತಾಂತ್ರಿಕ ನೆರವೂ ದೂರದಲ್ಲಿಲ್ಲ. ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಸಾಗರ ಎಂಜಿನಿಯರಿಂಗ್ ಬೋಧನೆಯಿದೆ. ಕಾರವಾರದಲ್ಲಿ ಸಾಗರ ಜೀವಶಾಸ್ತ್ರದ ಅಧ್ಯಯನ ಕೇಂದ್ರವಿದೆ. ವಿದ್ಯಾರ್ಥಿಗಳಿಗೆ ಯೋಜನಾ ಕಾರ್ಯವಾಗಿ ಇದನ್ನು ವಹಿಸಿದರೆ ಅವರಿಗೂ ಪ್ರಯೋಜನ, ಉದ್ಯಮಕ್ಕೂ ಪ್ರಯೋಜನ. ಆ ಅಳಿವೆಯಲ್ಲಿ ಜೀವನವಿಡೀ ದುಡಿದ ಮೀನುಗಾರರ ತಿಳಿವಳಿಕೆಯನ್ನು ಗೌರವಪೂರ್ವಕವಾಗಿ ಕೇಳಿ ದಾಖಲಿಸಿಕೊಳ್ಳುವುದು ಅಷ್ಟೇ ಅಗತ್ಯ.

ಸಣ್ಣ ಕೈಗಾರಿಕೆಗಳಿಗೂ ಇಲ್ಲಿ ಅವಕಾಶಗಳಿವೆ. ನೀರಿನೊಂದಿಗೆ ಏರಿಳಿಯುವ ತೇಲು ದೋಣಿಕಟ್ಟೆಗಳು, ಉಪ್ಪುನೀರಿಗೆ ತುಕ್ಕು ಹಿಡಿಯದ ಅಳತೆಗೋಲು ಹಾಗೂ ಸೂಚನಾಫಲಕಗಳು, ಫೈಬರ್ ದೋಣಿಗಳು, ಜೀವರಕ್ಷಕ ಸಲಕರಣೆಗಳು ಇವುಗಳನ್ನು ಹೊರರಾಜ್ಯಗಳಿಂದ ತರಿಸುವ ಬದಲು ಬೈಕಂಪಾಡಿಯಂತಹ ಕೈಗಾರಿಕಾ ಪ್ರದೇಶಗಳಲ್ಲೇ ತಯಾರಿಸಬಹುದು. ಮುದ್ರಣಾಲಯಗಳು ಅಂಗಡಿ ಕ್ಯಾಲೆಂಡರಿನಂತೆ ಜೇಬಿನಲ್ಲಿಡುವ ಉಬ್ಬರಪಟ್ಟಿಯನ್ನು ಅಚ್ಚುಹಾಕಬಹುದು.

ಪಟ್ಟಿಯ ಮಿತಿ

ಉಬ್ಬರಪಟ್ಟಿಯೊಂದೇ ಸುರಕ್ಷತೆಯ ಖಾತರಿ ನೀಡದು ಎಂಬುದನ್ನೂ ಸ್ಪಷ್ಟಪಡಿಸಬೇಕು. ಅದು ನೀರಿನ ಮಟ್ಟವನ್ನು ಹೇಳುತ್ತದೆ, ಅಲೆಗಳ ಎತ್ತರವನ್ನು ಹೇಳುವುದಿಲ್ಲ. 2022ರ ಮೇ ತಿಂಗಳಲ್ಲಿ ಮಲ್ಪೆಯಲ್ಲಿ ಉದ್ಘಾಟನೆಗೊಂಡ ತೇಲುಸೇತುವೆ ಕೆಲವೇ ದಿನಗಳಲ್ಲಿ ಅಲೆಗಳ ಹೊಡೆತಕ್ಕೆ ಹಾನಿಗೊಳಗಾಯಿತು. ದೂರದ ದಕ್ಷಿಣ ಸಾಗರದಲ್ಲಿ ಹುಟ್ಟಿ, ಸ್ಥಳೀಯವಾಗಿ ಗಾಳಿಯ ಸುಳಿವೂ ಇಲ್ಲದಿರುವಾಗ ಬಂದಪ್ಪಳಿಸುವ ಅಲೆಗಳನ್ನು ಕೇರಳದಲ್ಲಿ ‘ಕಳ್ಳಕ್ಕಡಲ್’ ಎನ್ನುತ್ತಾರೆ. ಅವು ದೊಡ್ಡ ಉಬ್ಬರದೊಂದಿಗೆ ಕೂಡಿ ಬಂದರೆ ಹಾನಿ ಇಮ್ಮಡಿಯಾಗುತ್ತದೆ. ವಾಯುಭಾರ ಕುಸಿತ ಮತ್ತು ಬಿರುಗಾಳಿಗಳೂ ನೀರಿನ ಮಟ್ಟವನ್ನು ಪಟ್ಟಿಗಿಂತ ಮೇಲಕ್ಕೇರಿಸಬಲ್ಲವು. ಆದುದರಿಂದ ಉಬ್ಬರಪಟ್ಟಿಯ ಪಕ್ಕದಲ್ಲೇ ಆಯಾ ದಿನದ ಇನ್‌ಕಾಯಿಸ್ ಹಾಗೂ ಹವಾಮಾನ ಇಲಾಖೆಯ ಎಚ್ಚರಿಕೆಗಳನ್ನು ಪ್ರದರ್ಶಿಸುವುದು ಕಡ್ಡಾಯವಾಗಬೇಕು.

2024ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ಕಡಲಲ್ಲಿ ಮುಳುಗಿ ಅಸುನೀಗಿದರು. ಅದಕ್ಕೆ ಉಬ್ಬರವಿಳಿತವೇ ಕಾರಣವೆಂದು ಇಲ್ಲಿ ಹೇಳುತ್ತಿಲ್ಲ. ಆದರೆ ಕಡಲ ಪರಿಚಯವಿಲ್ಲದ ಒಳನಾಡಿನ ಮಕ್ಕಳಿಗೆ ಈ ಹೊತ್ತು ನೀರು ಹೇಗಿದೆ, ಇನ್ನೊಂದು ಗಂಟೆಯಲ್ಲಿ ಹೇಗಾಗಲಿದೆ ಎಂದು ತಿಳಿಸುವ ಹೊಣೆ ತೀರದಲ್ಲಿ ವ್ಯವಹಾರ ನಡೆಸುವ ಎಲ್ಲರ ಮೇಲಿದೆ. ಆ ದುರಂತದ ಬಳಿಕ ತೀರವನ್ನು ಪ್ರವಾಸಿಗರಿಗೆ ಮುಚ್ಚಲಾಯಿತು. ಹೋದ ಜೀವಗಳ ಮುಂದೆ ಅಂಗಡಿಗಳ ನಷ್ಟ ಏನೇನೂ ಅಲ್ಲ. ಆದರೂ ಒಂದು ಅವಘಡ ಇಡೀ ಊರಿನ ವ್ಯಾಪಾರವನ್ನೇ ಸ್ತಬ್ಧಗೊಳಿಸಬಲ್ಲದೆಂಬ ಪಾಠವನ್ನು ಉದ್ಯಮ ಮರೆಯುವಂತಿಲ್ಲ.

ವಾಣಿಜ್ಯ ಸಂಸ್ಥೆಗಳ ಪಾತ್ರ

ಇದು ಸರ್ಕಾರದ ಕೆಲಸವೆಂದು ಕೈಕಟ್ಟಿ ಕುಳಿತರೆ ಇನ್ನೂ ಹಲವು ಋತುಗಳು ಕಳೆದುಹೋಗುತ್ತವೆ. ಒಬ್ಬ ಉದ್ಯಮಿ ಮಾತ್ರ ಖರ್ಚು ಮಾಡಿ ಪಟ್ಟಿ ಸಿದ್ಧಪಡಿಸಿದರೆ ಅದು ಅವನಲ್ಲೇ ಉಳಿಯುತ್ತದೆ. ಎಲ್ಲರಿಗೂ ಸಮಾನವಾಗಿ ಉಪಯೋಗಕ್ಕೆ ಬರುವ ಮಾಹಿತಿಯನ್ನು ಎಲ್ಲರ ಪರವಾಗಿ ಸಂಗ್ರಹಿಸುವುದು ವಾಣಿಜ್ಯ ಸಂಸ್ಥೆಗಳಿಗೆ ಒಪ್ಪುವ ಕಾರ್ಯ. ಮೊದಲ ಹಂತದಲ್ಲಿ ಜಲಕ್ರೀಡೆ ಹೆಚ್ಚಾಗಿ ನಡೆಯುವ ನಾಲ್ಕೈದು ಅಳಿವೆಗಳನ್ನು ಆರಿಸಿ, ಮುಂದಿನ ಋತುವಿನ ಆರಂಭದಲ್ಲೇ ಅಳತೆಗೋಲು ನೆಟ್ಟು, ಒಂದು ತಿಂಗಳ ದಾಖಲೆಯಿಂದ ಪಟ್ಟಿ ತಯಾರಿಸಬಹುದು. ಆ ಪಟ್ಟಿಯನ್ನು ಕನ್ನಡದಲ್ಲಿ ಅಚ್ಚುಹಾಕಿ ದೋಣಿಕಟ್ಟೆ, ವಸತಿಗೃಹ, ಬಸ್ಸು ನಿಲ್ದಾಣಗಳಲ್ಲಿ ತೂಗುಹಾಕಬಹುದು. ವಿಮಾ ಕಂಪನಿಗಳೊಂದಿಗೆ ಹಾಗೂ ಪ್ರವಾಸೋದ್ಯಮ ಇಲಾಖೆಯೊಂದಿಗೆ ಮಾತುಕತೆ ನಡೆಸುವಾಗ ಇಂತಹ ದಾಖಲೆಯ ಬಲವಿದ್ದರೆ ಉದ್ಯಮದ ಮಾತಿಗೆ ತೂಕ ಬರುತ್ತದೆ.

ದಾಸ್ತಾನು ನೋಡದೆ ಮಾಲು ಮಾರಲು ಒಪ್ಪುವ ವ್ಯಾಪಾರಿ ಯಾವ ಪೇಟೆಯಲ್ಲೂ ಉಳಿಯಲಾರ. ಜಲಕ್ರೀಡೆಯ ದಾಸ್ತಾನು ನೀರು. ಅದು ದಿನಕ್ಕೆ ಎರಡು ಬಾರಿ ಬರುತ್ತದೆ, ಎರಡು ಬಾರಿ ಹೋಗುತ್ತದೆ. ಅದರ ಆಗಮನ ನಿರ್ಗಮನಗಳ ವೇಳೆಯನ್ನು ಬರೆದಿಟ್ಟುಕೊಂಡು ವ್ಯವಹಾರ ನಡೆಸುವುದರಲ್ಲಿ ಲಾಭವೂ ಇದೆ, ಗ್ರಾಹಕನ ಕ್ಷೇಮವೂ ಇದೆ. ಕರಾವಳಿಯ ವಾಣಿಜ್ಯ ಸಮುದಾಯ ಈ ದಿಸೆಯಲ್ಲಿ ಶೀಘ್ರವೇ ಕಾರ್ಯಪ್ರವೃತ್ತವಾಗಬೇಕಾದುದು ಅವಶ್ಯ.